ಸವಳು ನೀರಿನಲ್ಲಿ ಹಸಿರು

ಗಾಜಿನ ತೊಟ್ಟಿಯೊಂದರಲ್ಲಿ ಕೊಳೆತ ನೀರುಗಿಡ ಕಿತ್ತು, ಅದರ ಜಾಗದಲ್ಲಿ ಹೊಳೆಯಿಂದ ಗುಟ್ಟಾಗಿ ತಂದ ಹೊಸ ಗಿಡ ನೆಟ್ಟು, ಇದು ಮೊದಲಿನದೇ ಎಂದು ನನ್ನ ಅತ್ತಿಗೆ ಹಾಲಮ್ಮನವರನ್ನು ನಂಬಿಸಿದವನು ನಾನು. ಒಂದು ಸಲವಲ್ಲ, ವರ್ಷಗಟ್ಟಲೆ. ಆ ನಂಬಿಕೆಯ ಮೇಲೆ ಅವರು ತಮ್ಮ ಬದುಕನ್ನೇ ಹೂಡಲು ಹೊರಟಾಗ ಹಿರಿಯರು ನನ್ನನ್ನು ಸಾಕ್ಷಿ ಕೇಳಿದರು. ನಾನು ಹೌದು ಎಂದೆ. ಅವರ ಬದುಕು ಒಣಗಿತು. ನನ್ನದು—ಓದುಗರು ಕ್ಷಮಿಸಬೇಕು, ಕ್ಷಮಿಸದಿದ್ದರೂ ಸರಿಯೇ—ಚೆನ್ನಾಗಿಯೇ ಚಿಗುರಿತು.

ಕೊಲೆಯಲ್ಲ, ದರೋಡೆಯಲ್ಲ, ನೀರುಹುಲ್ಲಿನ ವಿಷಯ. ಇಂಥದ್ದನ್ನು ಇಷ್ಟು ಗಂಭೀರವಾಗಿ ನಿವೇದಿಸಿಕೊಳ್ಳುವುದು ನಗೆಪಾಟಲು ಎಂದು ನನಗೂ ಗೊತ್ತು. ನಗು ಬಂದರೆ ನಗಿ. ನಾನೂ ಬಹಳ ಕಾಲ ಇದನ್ನೊಂದು ತಮಾಷೆಯ ಕತೆಯೆಂದೇ ನನಗೆ ನಾನು ಹೇಳಿಕೊಳ್ಳುತ್ತಿದ್ದೆ. ಹೇಳಿಕೊಂಡಷ್ಟೂ ಅದು—ಇರಲಿ. ಮೊದಲಿನಿಂದ ಹೇಳುತ್ತೇನೆ.

ನಮ್ಮದು ಹಿರಿಯೂರು. ಪೇಟೆಯಲ್ಲಿ ಜೋಳ, ಮೆಣಸಿನಕಾಯಿ, ಬೆಲ್ಲದ ಅಂಗಡಿ. ಊರ ಹೊರಗೆ ಒಂದಿಷ್ಟು ಹೊಲ. ಲಿಂಗ ಕಟ್ಟಿದ ಮನೆ. ಅಣ್ಣ ಮರುಳಪ್ಪ ದುಡಿಯುವವನು; ನಾನು ಚಿತ್ರದುರ್ಗದಲ್ಲಿ ಇಂಗ್ಲಿಷ್ ಸ್ಕೂಲಿಗೆ ಹೋಗಿಬಂದವನು. ಅಂದರೆ ಮನೆಯಲ್ಲಿ ದುಡಿಮೆಗೊಬ್ಬ, ಅಭಿಪ್ರಾಯಕ್ಕೊಬ್ಬ—ಹೀಗೆ ಕೆಲಸ ಹಂಚಿಕೆಯಾಗಿತ್ತು. ಮಾರಿಕಣಿವೆಯಲ್ಲಿ ಕಟ್ಟೆ ಏಳುತ್ತಿದ್ದ ಕಾಲ. ಅಲ್ಲಿ ಕಲ್ಲು ಹೊರುವ ಜನಕ್ಕೆ ಅಣ್ಣ ಗಾಡಿಯಲ್ಲಿ ಜೋಳ ಒದಗಿಸುತ್ತಿದ್ದ. ಅಲ್ಲಿದ್ದ ಒಬ್ಬ ಇಂಗ್ಲಿಷ್ ದೊರೆ ವರ್ಗವಾಗಿ ಹೊರಟಾಗ ತನ್ನ ಸಾಮಾನನ್ನೆಲ್ಲ ಹರಾಜು ಹಾಕಿಸಿದನಂತೆ. ಬೇರೆಯವರು ಕುರ್ಚಿ ತಂದರು, ಲಾಂದ್ರ ತಂದರು. ಅಣ್ಣ ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿದ ಒಂದು ತೊಟ್ಟಿಯನ್ನು ಹುಲ್ಲಿನಲ್ಲಿ ಸುತ್ತಿ, ಮಗುವನ್ನು ತರುವಂತೆ ಗಾಡಿಯಲ್ಲಿ ಹಿಡಿದುಕೊಂಡು ತಂದ. ದೊರೆಸಾನಿ ಅದರಲ್ಲಿ ಮೀನು ಸಾಕಿದ್ದಳಂತೆ.

ಮೀನು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಮ್ಮವ್ವ ಬಾಗಿಲಿಗೆ ಅಡ್ಡ ನಿಂತಳು. ಲಿಂಗವಂತರ ಮನೆಯೊಳಗೆ ಮೀನು ಬರುವುದಾದರೆ ತಾನು ಹೊರಗೆ ಹೋಗುವುದಾಗಿ ಸಾರಿದಳು. ತಿನ್ನಲಿಕ್ಕಲ್ಲ, ನೋಡಲಿಕ್ಕೆ ಎಂದು ಅಣ್ಣ ವಿನಂತಿಸಿದ. ನೋಡಿದವರು ಇಂದಲ್ಲ ನಾಳೆ ತಿಂದಾರು ಎಂದು ಅವ್ವ ತೀರ್ಪಿತ್ತಳು. ನಾನು ಅಭಿಪ್ರಾಯ ಕೊಡಲು ಬಾಯಿ ತೆರೆದೆ, ಯಾರೂ ಕೇಳಲಿಲ್ಲ. ಕೊನೆಗೆ ರಾಜಿಯಾಯಿತು: ತೊಟ್ಟಿ ಒಳಗೆ ಬರಬಹುದು, ಮೀನು ಬರಬಾರದು. ಹೀಗೆ ಮೀನಿಲ್ಲದ ಮೀನಿನ ತೊಟ್ಟಿಯೊಂದು ನಮ್ಮ ಪಡಸಾಲೆಯಲ್ಲಿ, ಮಾಳಿಗೆಯ ಬೆಳಕಿಂಡಿಯ ಕೆಳಗೆ ಪ್ರತಿಷ್ಠಾಪನೆಯಾಯಿತು.

ಅದೇ ವರ್ಷ ಪ್ಲೇಗು ಬಂತು. ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡಿತು. ನಾವು ತಿರುಗಿ ಮನೆಗೆ ಬಂದಾಗ ಅಣ್ಣ ಇರಲಿಲ್ಲ.

ಅತ್ತಿಗೆ ಭರಮಸಾಗರದ ಕಡೆಯವರು. ಮಕ್ಕಳಿರಲಿಲ್ಲ. ಹೆಚ್ಚು ಮಾತಿನವರಲ್ಲ. ಮನೆಗೆ ತಿರುಗಿ ಬಂದ ಮೇಲೆ ಅವರು ಮಾಡಿದ ಮೊದಲ ಕೆಲಸವೆಂದರೆ ಆ ಖಾಲಿ ತೊಟ್ಟಿಯ ಧೂಳು ಒರೆಸಿದ್ದು. ಹೊಳೆಯ ಮರಳು ತಂದು ತಳಕ್ಕೆ ಹಾಸಿದರು. ವೇದಾವತಿಯ ಮಡುವಿನಲ್ಲಿ ಉದ್ದುದ್ದ ರಿಬ್ಬನ್ನಿನಂಥ ಎಲೆಯ ಒಂದು ನೀರುಹುಲ್ಲು ಬೆಳೆಯುತ್ತದೆ—ಅದಕ್ಕೆ ನಮ್ಮವರು ಹೆಸರಿಡುವ ಗೋಜಿಗೇ ಹೋಗಿಲ್ಲ—ಅದನ್ನು ಬೇರು ಸಮೇತ ತಂದು ನೆಟ್ಟರು. ನೀರೊಳಗೆ ನಿಂತ ಹಸಿರನ್ನು ಪಕ್ಕದಿಂದ ನೋಡುವ ಭಾಗ್ಯ ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಯಾರಿಗೂ ಒದಗಿರಲಿಲ್ಲ. ಅವ್ವನೂ ಒಮ್ಮೆ ಕದ್ದು ನೋಡಿದ್ದನ್ನು ನಾನು ಕಂಡಿದ್ದೇನೆ.

ತೊಡಕೆಂದರೆ ನೀರು. ನಮ್ಮ ಹಿತ್ತಲ ಬಾವಿ ಸವಳು. ಬಾಯಿಗಿಟ್ಟರೆ ಉಪ್ಪುಪ್ಪು, ಬೇಳೆ ಬೇಯದು, ಸೀಗೆಪುಡಿ ನೊರೆಯಾಗದು. ಕುಡಿಯುವ ನೀರನ್ನು ಹೆಂಗಸರು ಹೊಳೆಯ ಮರಳಿನಲ್ಲಿ ಒರತೆ ತೋಡಿ, ಚಿಪ್ಪಿನಲ್ಲಿ ಮೊಗೆದು ಕೊಡ ತುಂಬಿಸಿ ತಲೆಯ ಮೇಲೆ ತರಬೇಕಿತ್ತು. ತಲೆಯ ಮೇಲೆ ಬಂದ ನೀರಿನಲ್ಲಿ ಒಂದು ತೊಟ್ಟೂ ಆ ಗಾಜಿನ ಪೆಟ್ಟಿಗೆಗೆ ಹೋಗಕೂಡದು ಎಂದು ಅವ್ವನ ಅಪ್ಪಣೆಯಾಯಿತು. ಅನ್ಯಾಯದ ಅಪ್ಪಣೆಯೆಂದು ನಾನು ಹೇಳಲಾರೆ; ಹೊತ್ತವರಿಗೇ ಗೊತ್ತು ಅದರ ಭಾರ.

ಅತ್ತಿಗೆ ಎದುರಾಡಲಿಲ್ಲ. ಮೊದಲು ಹೊಳೆಯ ಸಿಹಿನೀರಿನಿಂದಲೇ ತುಂಬಿಸಿದ್ದ ತೊಟ್ಟಿಯಿಂದ ಒಂದು ಚೊಂಬು ತೆಗೆದು ಒಂದು ಚೊಂಬು ಸವಳು ಹಾಕಿದರು. ಕೆಲವು ದಿನ ಬಿಟ್ಟು, ಗಿಡದ ಮುಖ ನೋಡಿ, ಇನ್ನೊಂದು ಚೊಂಬು. ಪ್ರತಿ ಸಲ ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದರು. ಎಲೆ ಸೊರಗಿದರೆ ನಿಲ್ಲಿಸುತ್ತಿದ್ದರು, ಚೇತರಿಸಿಕೊಂಡರೆ ಮುಂದುವರಿಯುತ್ತಿದ್ದರು. ಹೊಸ ಸೊಸೆಯನ್ನು ಅತ್ತೆಮನೆಯ ಊಟಕ್ಕೆ ಒಗ್ಗಿಸುವ ಹಾಗೆ ಎಂದು ನಾನೊಮ್ಮೆ ಹಾಸ್ಯ ಮಾಡಿದೆ. ಅವರು ನಗದೆ, ‘ಹೂಂ, ಹಂಗೇ’ ಅಂದರು.

ಅರ್ಧಕ್ಕರ್ಧ ಸವಳಾಗುವವರೆಗೂ ಗಿಡ ಬದುಕಿತು. ಇದು ನಿಜ. ಒತ್ತಿ ಹೇಳುತ್ತಿದ್ದೇನೆ: ಅಲ್ಲಿಯವರೆಗೆ ನನ್ನ ಕೈ ಆ ತೊಟ್ಟಿಗೆ ತಾಗಿರಲಿಲ್ಲ. ಬೇರಿನಿಂದ ಬಳ್ಳಿ ಹರಿದು ಪಕ್ಕದಲ್ಲಿ ಮರಿಗಿಡ ಎದ್ದಿತ್ತು. ಅದು ಅತ್ತಿಗೆಯದೇ ಕೆಲಸ.

ಆಮೇಲೆ ಮುಕ್ಕಾಲಿಗೆ ಬಂದಾಗ ಎಲೆಗಳು ಗಾಜಿನ ಹಾಗೆ ಪಾರದರ್ಶಕವಾಗಿ, ತುದಿಯಿಂದ ಕರಗತೊಡಗಿದವು. ಯುಗಾದಿಯ ಮುಂಚಿನ ದಿನಗಳು. ಅವ್ವ ಬೀಸುವ ಕಲ್ಲಿನ ಮುಂದೆ ಕೂತು ಗೋಡೆಗೆ ಹೇಳುವ ಹಾಗೆ ಹೇಳಿದಳು: “ಮುಂಡೆ ಕೈಯಾಗೆ ಹಸಿರು ನಿಲ್ತೈತಾ? ನಾನು ಮೊದ್ಲೇ ಅಂದಿದ್ದೆ.”

ನಮ್ಮ ಧರ್ಮದಲ್ಲಿ ಗಂಡ ಸತ್ತವಳಿಗೆ ದೋಷವಿಲ್ಲ ಎಂದು ಮಠದಲ್ಲಿ ಹೇಳುತ್ತಾರೆ. ಮಠದಲ್ಲಿ ಹೇಳಿದ್ದು ನಮ್ಮ ಅಡುಗೆಮನೆಯವರೆಗೆ ನಡೆದು ಬರುವಷ್ಟರಲ್ಲಿ ಬಹಳ ದಣಿದಿರುತ್ತದೆ. ಗಂಡ ಹೋದವಳು ಬೀಜ ಮುಟ್ಟಿದರೆ ಮೊಳೆಯದು, ಸಸಿ ನೆಟ್ಟರೆ ಹತ್ತದು—ಊರಿನಲ್ಲಿ ಎಲ್ಲರೂ ನಂಬಿದ್ದ ಮಾತು. ಅತ್ತಿಗೆ ತೊಟ್ಟಿಯ ಮುಂದೆ ಕೂತಿದ್ದರು. ತಮ್ಮ ಅಂಗೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡದ್ದನ್ನು ನಾನು ನೋಡಿದೆ. ಆ ತೊಟ್ಟಿ ಅವರಿಗೆ ಯಾಕೆ ಬೇಕಾಗಿತ್ತು ಎನ್ನುವುದು ಆವತ್ತು ನನಗೆ ತಿಳಿಯಿತು. ತಿಳಿಯದೆ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಹೊಳೆಗೆ ಸ್ನಾನಕ್ಕೆ ಹೋದವನು ಮಡುವಿನಿಂದ ನಾಲ್ಕು ಗಿಡ ಕಿತ್ತು, ಒದ್ದೆ ಪಂಚೆಯೊಳಗೆ ಸುತ್ತಿಕೊಂಡು ಬಂದೆ. ಅತ್ತಿಗೆ ಪಕ್ಕದ ಕೋಣೆಯಲ್ಲಿ ಶಿವಪೂಜೆಗೆ ಕೂತಿದ್ದರು. ಎಡ ಅಂಗೈಯ ಮೇಲೆ ಲಿಂಗ, ಕಣ್ಣು ಮುಚ್ಚಿತ್ತು. ಪೂಜೆಗೆ ಕೂತವರು ನಡುವೆ ಏಳುವುದಿಲ್ಲ, ಕಣ್ಣು ಬಿಡುವುದಿಲ್ಲ—ಇಷ್ಟು ಭರವಸೆಯ ಸಮಯ ಕಳ್ಳನಿಗೆ ಬೇರೆ ಸಿಗದು. ಕೊಳೆತದ್ದನ್ನು ಕಿತ್ತೆ, ಹೊಸದನ್ನು ಅದೇ ಕುಳಿಯಲ್ಲಿ ಊರಿದೆ, ಮರಳು ಸವರಿದೆ. ಒದ್ದೆ ಪಂಚೆ ಹಿತ್ತಲಲ್ಲಿ ಒಣಹಾಕಿ, ವಿಭೂತಿ ಧರಿಸಿ, ಸಜ್ಜನನಂತೆ ತಿಂಡಿಗೆ ಕೂತೆ.

ಪೂಜೆ ಮುಗಿಸಿ ಬಂದ ಅತ್ತಿಗೆ ತೊಟ್ಟಿಯ ಮುಂದೆ ನಿಂತರು. ಆಮೇಲೆ ಅಡುಗೆಮನೆಗೆ ಹೋಗಿ ಅವ್ವನಿಗೆ, “ಅತ್ತೆ, ಚೇತರಿಸ್ಕಂಡ್ವು” ಎಂದಷ್ಟೇ ಹೇಳಿದರು. ಆ ಧ್ವನಿ—ಅದನ್ನು ಕೇಳಿದಾಗ ನಾನು ಪುಣ್ಯದ ಕೆಲಸ ಮಾಡಿದೆನೆಂದೇ ತಿಳಿದೆ. ಸುಳ್ಳು ಹೇಳುವುದಿಲ್ಲ: ಆ ದಿನ ನನಗೆ ನನ್ನ ಮೇಲೆಯೇ ಗೌರವ ಹುಟ್ಟಿತ್ತು.

ಹೊಳೆಯಿಂದ ಹೊಸದಾಗಿ ಬಂದ ಗಿಡ ಸವಳಿನಲ್ಲಿ ಕೆಲವು ದಿನ ಹಸಿರಾಗಿಯೇ ಇರುತ್ತಿತ್ತು. ಕರಗತೊಡಗಿದೊಡನೆ ನಾನು ಮತ್ತೆ ಒಂದೊಂದಾಗಿ ಬದಲಿಸುತ್ತಿದ್ದೆ. ಅತ್ತಿಗೆ ಚೊಂಬು ಏರಿಸುತ್ತಾ ಹೋದರು. ನನ್ನ ಸ್ನಾನಗಳೂ ಏರುತ್ತಾ ಹೋದವು. ಹೊಳೆಯ ಸ್ನಾನದ ಮೇಲೆ ನನಗೆ ಇಷ್ಟು ಭಕ್ತಿ ಯಾವಾಗ ಬಂತೆಂದು ಪೇಟೆಯಲ್ಲಿ ಬೆರಗುಪಟ್ಟರು. ಒಂದು ದಿನ ತೊಟ್ಟಿಯಲ್ಲಿ ಅಪ್ಪಟ ಸವಳು ನೀರೇ ತುಂಬಿತು. ಅದರಲ್ಲಿ ಹಸಿರು ನಳನಳಿಸುತ್ತಿತ್ತು. ಪೇಟೆಯ ಜನ ನೋಡಲು ಬಂದರು. ಬೆರಳದ್ದಿ ನೆಕ್ಕಿ, ಮುಖ ಕಿವುಚಿ, “ಹೌದ್ರೀ, ಸವಳೇ ಐತಿ” ಎಂದು ತಲೆದೂಗಿದರು. ಅವ್ವ ಬೀಸುವ ಕಲ್ಲಿನ ಮುಂದೆ ಹೇಳುತ್ತಿದ್ದ ಮಾತನ್ನು ನಿಲ್ಲಿಸಿದಳು.

ಒಮ್ಮೆ ಸಿಕ್ಕಿಬೀಳುವುದಿತ್ತು. ನಾನು ತಂದ ಬೇರಿಗೆ ಅಂಟಿ ಒಂದು ಮೀನಿನ ಮರಿ, ಸೂಜಿಯಷ್ಟು, ಒಳಗೆ ಸೇರಿಬಿಟ್ಟಿತ್ತು. ಅವ್ವ ಬೊಬ್ಬೆ ಹಾಕಿದಳು. ಅತ್ತಿಗೆ ಅದನ್ನೇ ನೋಡುತ್ತಾ ನನ್ನನ್ನು ಕರೆದು, ‘ತಿಪ್ಪಣ್ಣ, ಇದು ಎಲ್ಲಿಂದ ಬಂತು?’ ಎಂದು ಕೇಳಿದರು. ಅನುಮಾನವಿರಲಿಲ್ಲ, ಕಲಿತವನು ಎಂದು ಕೇಳಿದರು. ಮೀನಿನ ತತ್ತಿ ಮರಳಿನಲ್ಲಿ ವರ್ಷಗಟ್ಟಲೆ ಮಲಗಿದ್ದು ಆಮೇಲೆ ಏಳುತ್ತದೆಂದು ಇಂಗ್ಲಿಷ್ ಪುಸ್ತಕದಲ್ಲಿ ಓದಿದ್ದೇನೆಂದೆ. ಅಂಥ ಪುಸ್ತಕವನ್ನು ನಾನು ಓದಿರಲಿಲ್ಲ. ಅಲ್ಲಿಯವರೆಗೆ ನನ್ನ ಕೈ ಸುಳ್ಳು ಹೇಳುತ್ತಿತ್ತು. ಆವತ್ತು ಬಾಯಿಯೂ ಕಲಿಯಿತು.

ಹೇಳಿಬಿಡಬೇಕೆಂದು ಅನ್ನಿಸಲಿಲ್ಲವೇ ಎಂದು ನೀವು ಕೇಳಬಹುದು. ಅನ್ನಿಸುತ್ತಿತ್ತು. ಆದರೆ ಏನೆಂದು ಹೇಳುವುದು? ‘ಅತ್ತಿಗೆ, ನೀವು ಬೆಳೆಸಿದ್ದು ಸತ್ತಿತು, ನಾನು ನೆಟ್ಟದ್ದು ನಿಂತಿದೆ’ ಎಂದೇ? ಅವ್ವನ ಮಾತನ್ನೇ ಬೇರೆ ಬಾಯಲ್ಲಿ ಆಡಿದಂತಾಗುತ್ತಿತ್ತು. ಹೀಗೆಂದುಕೊಂಡು ದಿನ ದೂಡಿದೆ. ಮುಕ್ಕಾಲಿನಲ್ಲಿ ಸತ್ತ ಗಿಡವನ್ನು ನಾನು ಸಾಯಲು ಬಿಟ್ಟಿದ್ದರೆ ಅತ್ತಿಗೆ ಒಂದು ಚೊಂಬು ಹಿಂದೆ ಸರಿಯುತ್ತಿದ್ದರು. ಎಲ್ಲಿಯವರೆಗೆ ಆಗುತ್ತದೆ, ಎಲ್ಲಿಂದಾಚೆಗೆ ಆಗುವುದಿಲ್ಲ ಎಂದು ಅವರಿಗೆ ತಿಳಿಯುತ್ತಿತ್ತು. ಆ ತಿಳಿವಳಿಕೆಯನ್ನೇ ನಾನು ಪಂಚೆಯಲ್ಲಿ ಸುತ್ತಿ ತಿಪ್ಪೆಗೆ ಹಾಕಿದೆ. ಇದು ನನಗೆ ಹೊಳೆದದ್ದು ಬಹಳ ತಡವಾಗಿ.

ಅವ್ವ ಸುಮ್ಮನಾದರೂ ಮನೆ ಸುಮ್ಮನಾಗಲಿಲ್ಲ. ನನಗೆ ಮದುವೆಯಾಗಿ ಮಕ್ಕಳಾದವು. ತೊಟ್ಟಿಲು ಕಟ್ಟುವಾಗ, ನಾಮಕರಣದಲ್ಲಿ, ಅತ್ತಿಗೆ ಗೋಡೆಯ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಸರಿಯಿರಿ ಎಂದು ಯಾರೂ ಹೇಳುತ್ತಿರಲಿಲ್ಲ. ಇಲ್ಲೇ ಬಂದು ನಿಲ್ಲಿ ಎಂದೂ ಯಾರೂ ಹೇಳುತ್ತಿರಲಿಲ್ಲ. ಒಂದು ದಿನ ಅವರೇ ನನ್ನನ್ನು ಕರೆದು, ಹೊಟ್ಟೆಪಾಡಿಗೆ ತಮಗೊಂದು ಹೊಲ ಬಿಟ್ಟುಕೊಟ್ಟರೆ ಬೇರೆ ಇರುವುದಾಗಿ ಹೇಳಿದರು. ಜಗಳವಿರಲಿಲ್ಲ. ತಮ್ಮ ಒಲೆ, ತಮ್ಮ ಬಾಗಿಲು ಬೇಕೆಂದರು. ವೀಳ್ಯದೆಲೆ ಬಳ್ಳಿಯ ತೋಟ ಮಾಡುವೆನೆಂದರು. ವಾರದ ಸಂತೆಗೆ ಎಲೆ ಕೊಯ್ದು ಕೊಟ್ಟರೆ ಒಬ್ಬಳ ಬದುಕು ಯಾರ ಹಂಗೂ ಇಲ್ಲದೆ ಸಾಗುತ್ತದೆ.

ನಮ್ಮ ಕಡೆ ಪಾಲಿಗೆ ಒಂದು ಪದ್ಧತಿ ಇದೆ. ಕಿರಿಯನಾದವನು ಭಾಗ ಮಾಡಬೇಕು. ಹಿರಿಯ ಮೊದಲು ಆರಿಸಬೇಕು. ಗೆರೆ ಎಳೆದವನು ಆರಿಸುವ ಹಾಗಿಲ್ಲ—ಆಗ ಗೆರೆ ನೆಟ್ಟಗೆ ಬರುತ್ತದೆ ಎಂದು ಹಿರಿಯರ ಲೆಕ್ಕ. ಅಣ್ಣನಿಲ್ಲ, ಅಣ್ಣನ ಜಾಗದಲ್ಲಿ ಅತ್ತಿಗೆ ಆರಿಸಲಿ ಎಂದು ಗೌಡರು ಹೇಳಿದರು. ಗೌಡರೆಂದರೆ ಊರಿಗೆ ಹಿರಿಯರು, ನಮ್ಮ ಅಪ್ಪನ ಗೆಳೆಯರು. ನಾನು ನೆಟ್ಟಗೇ ಎಳೆದೆ. ಒಂದು ಕಡೆ ಹೊಸದುರ್ಗದ ದಾರಿಯ ಮೇಲಿನ ದೊಡ್ಡ ಹೊಲ; ಊರಿಗೆ ಹತ್ತಿರ, ಕಪ್ಪು ಮಣ್ಣು, ಆದರೆ ಬಾವಿ ಸವಳು. ಇನ್ನೊಂದು ಕಡೆ ಹೊಳೆಯ ಪಕ್ಕದ ಚಿಕ್ಕ ಹೊಲ. ಅಲ್ಲಿನ ಬಾವಿ ಸಿಹಿ. ಎಲೆತೋಟ ಮಾಡುವವರು ಯಾವುದನ್ನು ಆರಿಸುತ್ತಾರೆಂದು ಹಸುಗೂಸಿಗೂ ಗೊತ್ತು. ಸಿಹಿಬಾವಿ ಅತ್ತಿಗೆಗೆ ಹೋಯಿತೆಂದು ನಾನು ಆಗಲೇ ಮನಸ್ಸಿನಲ್ಲಿ ಅದಕ್ಕೊಂದು ನಮಸ್ಕಾರ ಹಾಕಿದ್ದೆ.

ನಮ್ಮ ಜಗಲಿಯಲ್ಲಿ ಹಿರಿಯರು ಕೂತರು. ಅತ್ತಿಗೆ ಬಾಗಿಲಲ್ಲಿ ನಿಂತು ಮೇಲಿನ ಹೊಲ ಎಂದರು. ಸವಳಿನದು.

ಗೌಡರು ಎಲೆಯಡಿಕೆ ಉಗುಳಿ ಬಂದು ಕೂತರು. “ಇನ್ನೊಂದ್ಸಲ ಯೋಚ್ನೆ ಮಾಡವ್ವ. ಸವಳು ಬಾವಿ ಕಣವ್ವ ಅದು. ಎಲೆಬಳ್ಳಿ ಬಲೇ ನಾಜೂಕು.”

“ಗೊತ್ತೈತೆ ಗೌಡ್ರೆ,” ಅಂದರು ಅತ್ತಿಗೆ. “ಗಿಡಕ್ಕೆ ಚೂರುಚೂರೇ ಅಭ್ಯಾಸ ಮಾಡಿಸಿದ್ರೆ ಸವಳೂ ಕುಡೀತವೆ. ನಮ್ಮನ್ಯಾಗೆ ವರ್ಷಗಳಿಂದ ಕುಡೀತಾ ಅವೆ. ಸಿಹಿಬಾವಿ ತಿಪ್ಪಣ್ಣನಿಗಿರಲಿ, ಮಕ್ಕಳಿರೋನು. ನನಗೆ ಸವಳಾದ್ರೂ ನಡೀತೈತಿ.”

ಗೌಡರು ನನ್ನ ಕಡೆ ತಿರುಗಿದರು. “ಏನಪ್ಪ ತಿಪ್ಪಣ್ಣ, ನೀನು ಓದ್ದೋನು. ಆ ಗಾಜಿನ್ ತೊಟ್ಟಿ ನಿಮ್ಮನ್ಯಾಗೇ ಐತಿ. ಈವಮ್ಮ ಹೇಳೋದು ಹೌದೇನು?”

ಆಗ ನಾನು ಏನು ಯೋಚಿಸಿದೆನೆಂದು ಬಹಳ ಸಲ ಹುಡುಕಿದ್ದೇನೆ. ಅತ್ತಿಗೆಯ ಮಾನ ಹೋದೀತು ಎಂದು ಯೋಚಿಸಿದೆ ಎಂದು ಬರೆಯಬಹುದಾಗಿತ್ತು. ಸ್ವಲ್ಪ ನಿಜವೂ ಹೌದು. ನನ್ನ ಮಾನ ಹೋದೀತು ಎಂದು ಯೋಚಿಸಿದೆ; ಅದು ಇನ್ನೂ ಸ್ವಲ್ಪ ಹೆಚ್ಚು ನಿಜ. ಆದರೆ ಕಣ್ಣ ಮುಂದೆ ಬಂದದ್ದು ಅದಾವುದೂ ಅಲ್ಲ. ಹೊಳೆಯ ಪಕ್ಕದ ಆ ಬಾವಿ, ಅದರ ಕಲ್ಲಿನ ಮೆಟ್ಟಿಲು, ಅದರ ಸುತ್ತ ನಾನು ಹಾಕಬಹುದಾದ ತೆಂಗು—ಇವು ಬಂದವು. ಸ್ಪಷ್ಟವಾಗಿ ಬಂದವು.

“ಹೌದು ಗೌಡ್ರೆ,” ಅಂದೆ. “ನಾನೇ ಕಣ್ಣಾರೆ ನೋಡೀನಿ.”

ಕಣ್ಣಾರೆ ನೋಡಿದ್ದು ನಿಜ. ನನ್ನಷ್ಟು ಹತ್ತಿರದಿಂದ ಬೇರೆ ಯಾರೂ ನೋಡಿರಲಿಲ್ಲ. ಗೌಡರು, ‘ಹಂಗಾದ್ರೆ ಆತು’ ಎಂದು ಎಲೆಯಡಿಕೆ ಹಂಚಿಸಿದರು. ಪಾಲು ಮುಗಿಯಿತು.

ಅತ್ತಿಗೆ ಮೇಲಿನ ಹೊಲದಲ್ಲಿ ಒಂದು ಅಂಕಣದ ಮನೆ ಹಾಕಿಸಿಕೊಂಡರು. ಹೋಗುವಾಗ ತೊಟ್ಟಿಯನ್ನು ನನ್ನ ಮಕ್ಕಳಿಗೆ ಬಿಟ್ಟುಹೋದರು. ನೋಡಿಕೋ ಎಂದು ನನಗೆ ಹೇಳಿದರು. ನೋಡುವವರೇ ಹೋದ ಮೇಲೆ ಮೋಸ ಯಾರಿಗೆ ಮಾಡುವುದು? ನನ್ನ ಸ್ನಾನಗಳು ನಿಂತವು. ವಾರ ಕಳೆಯುವಷ್ಟರಲ್ಲಿ ಹಸಿರೆಲ್ಲ ಕರಗಿ ಲೋಳೆಯಾಯಿತು. ನೋಡಿಕೊಳ್ಳಲು ಪುರುಸೊತ್ತಿಲ್ಲವೆಂದು ಹೇಳಿ ತೊಟ್ಟಿಯನ್ನು ತೊಳೆಸಿ ಅಂಗಡಿಗೆ ಒಯ್ದು ಮಂಡಕ್ಕಿ ತುಂಬಿಸಿಟ್ಟೆ. ಗಾಜಿನೊಳಗೆ ಮಂಡಕ್ಕಿ ಬಹಳ ಚೆನ್ನಾಗಿ ಕಾಣುತ್ತಿತ್ತು, ವ್ಯಾಪಾರವೂ ಆಗುತ್ತಿತ್ತು.

ಮೇಲಿನ ಹೊಲದಲ್ಲಿ ಅತ್ತಿಗೆ ಮೊದಲು ಬಳ್ಳಿ ಹಬ್ಬಲು ಅಗಸೆಗಿಡ ಹಾಕಿದರು. ಆಮೇಲೆ ಬಳ್ಳಿ ತರಿಸಿ ನೆಟ್ಟರು. ಮೊದಲು ಹೊಳೆಯಿಂದ ಸಿಹಿನೀರು ಹೊತ್ತು ತಂದು ಹಾಕಿದರು. ಮೆಲ್ಲಗೆ ಸವಳು ಬೆರೆಸಿದರು. ತೊಟ್ಟಿಯಲ್ಲಿ ಮಾಡಿದ ಹಾಗೇ. ಬೆರಳದ್ದಿ ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದರು. ಅರ್ಧದ ಹತ್ತಿರ ಬಂದಾಗ ಎಲೆಯ ಅಂಚು ಸುಟ್ಟ ಹಾಗಾಯಿತು. ತೊಟ್ಟಿಯಲ್ಲೂ ಒಮ್ಮೆ ಹೀಗೆ ಸೊರಗಿ ಚೇತರಿಸಿಕೊಂಡಿತ್ತಲ್ಲ—ಅದನ್ನು ನೆನೆದು ಅವರು ಮುಂದುವರಿದರು. ಬಳ್ಳಿ ಚೇತರಿಸಿಕೊಳ್ಳಲಿಲ್ಲ. ಅಲ್ಲಿ ಒದ್ದೆ ಪಂಚೆಯಲ್ಲಿ ಯಾರೂ ಬರಲಿಲ್ಲ.

ಮತ್ತೊಮ್ಮೆ ನೆಟ್ಟರು. ಅದೂ ಹೋಯಿತು. ಮಣ್ಣಿನ ಮೇಲೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಉಪ್ಪು ಕಟ್ಟಿತು. ದಾರಿಹೋಕರು ನಿಂತು ನೋಡಿದರು. ಮೊದಲು ಅವ್ವ ಹೇಳಿದ್ದನ್ನು ಈಗ ಊರು ಹೇಳಿತು. ಒರತೆಯ ಬಳಿ ಹೇಳಿದರು, ಸಂತೆಯಲ್ಲಿ ಹೇಳಿದರು: ಹಾಲಮ್ಮನ ಕೈಗುಣ. ಬಿತ್ತನೆಯ ದಿನ ಅವರು ಎದುರಿಗೆ ಬಂದರೆ ಬೀಜದ ಬುಟ್ಟಿಗೆ ಬಟ್ಟೆ ಮುಚ್ಚತೊಡಗಿದರು. ಸವಳು ಎಂದು ಯಾರೂ ಹೇಳಲಿಲ್ಲ. ಸವಳಿನಲ್ಲಿ ಹಸಿರು ನಿಲ್ಲುವುದನ್ನು ಅವರೆಲ್ಲ ನಮ್ಮ ಪಡಸಾಲೆಯಲ್ಲಿ ನೋಡಿದ್ದರಲ್ಲ! ನೀರಿನ ತಪ್ಪಲ್ಲವೆಂದು ಊರಿಗೆ ಊರೇ ಬೆರಳು ನೆಕ್ಕಿ ಖಾತ್ರಿ ಮಾಡಿಕೊಂಡಿತ್ತು. ಉಳಿದದ್ದು ಒಂದೇ—ಅವರ ಕೈ.

ಒಂದು ಸಂಜೆ ಅತ್ತಿಗೆ ಅಂಗಡಿಗೆ ಬಂದರು. ಕುಂತ್ಕಳ್ರಿ ಎಂದೆ, ಕೂರಲಿಲ್ಲ.

“ತಿಪ್ಪಣ್ಣ, ತೊಟ್ಟಿಯಾಗೆ ಬದುಕಿದ್ದು ಹೊಲದಾಗೆ ಯಾಕೆ ಸಾಯ್ತೈತಿ? ನೀರು ಅದೇ ಅಲ್ಲೇನು?”

ಇಷ್ಟು ಸರಿಯಾದ ಪ್ರಶ್ನೆಯನ್ನು ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಕೇಳಿಲ್ಲ. ಉತ್ತರ ನನ್ನ ನಾಲಿಗೆಯ ಮೇಲಿತ್ತು. ಒಂದೇ ವಾಕ್ಯ ಸಾಕಾಗಿತ್ತು. ಆದರೆ ಆ ವಾಕ್ಯದ ಹಿಂದೆಯೇ ಗೌಡರು ಬರುತ್ತಿದ್ದರು, ಜಗಲಿ ಬರುತ್ತಿತ್ತು, ಪಾಲು ಮುರಿದು ಸಿಹಿಬಾವಿ—ಆಗಲೇ ಅಲ್ಲಿ ತೆಂಗಿನ ಸಸಿ ಹಾಕಿಸಿದ್ದೆ.

“ಏನೋ ಅತ್ತಿಗೆ,” ಅಂದೆ. “ಶಿವನಿಗೇ ಗೊತ್ತು.”

ಶಿವನ ಹೆಗಲಿಗೆ ಭಾರ ದಾಟಿಸುವುದು ನಮ್ಮಲ್ಲಿ ಬಹಳ ಹಳೆಯ ಅನುಕೂಲ. ಅವರು ಸೆರಗು ಹೊದ್ದುಕೊಂಡರು. “ಹಂಗಾದ್ರೆ ಅತ್ತೆ ಹೇಳಿದ್ದೇ ದಿಟ,” ಎಂದು ಹೊರಟುಹೋದರು. ಅಳಲಿಲ್ಲ. ಸಿಟ್ಟಾಗಲಿಲ್ಲ. ಸೆರಗಿನೊಳಗೆ ಕೈ ಮುಚ್ಚಿಕೊಂಡು ಪೇಟೆಯ ಬೀದಿಯಲ್ಲಿ ನಡೆದು ಹೋದದ್ದನ್ನು ನಾನು ಗಲ್ಲಾದ ಹಿಂದೆ ಕೂತು ನೋಡಿದೆ. ನನಗೆ ಏನೂ ಅನ್ನಿಸಲಿಲ್ಲ. ಗಿರಾಕಿ ಬಂದ, ಬೆಲ್ಲ ತೂಗಿ ಕೊಟ್ಟೆ. ಏನೂ ಅನ್ನಿಸದಿದ್ದುದನ್ನೇ ನಾನು ಆಮೇಲೆ ಹೆಚ್ಚಾಗಿ ನೆನೆದದ್ದು.

ಅವರು ಮೇಲಿನ ಹೊಲವನ್ನು ಕುರಿ ಮಂದೆ ತಂಗಿಸುವವರಿಗೆ ಬಿಟ್ಟು ಭರಮಸಾಗರಕ್ಕೆ, ತಮ್ಮನ ಮನೆಗೆ ಹೋದರು. ಅಂದರೆ ಮತ್ತೆ ಬೇರೆಯವರ ಒಲೆ, ಬೇರೆಯವರ ಬಾಗಿಲು. ಆ ಊರಿನ ಹಿರೇಕೆರೆಯ ಕೆಳಗೆ ತಮ್ಮನಿಗೆ ಒಳ್ಳೆಯ ಗದ್ದೆಯಿತ್ತು. ನಾಟಿಯ ದಿನ ಕೆರೆಯ ಕೆಳಗಿನ ಹೆಂಗಸರೆಲ್ಲ ಗದ್ದೆಗಿಳಿದರೂ ಹಾಲಮ್ಮ ಇಳಿಯುವುದಿಲ್ಲ, ಮದುವೆಮನೆಯಲ್ಲಿ ಮೊಳಕೆಗೆ ಕಾಳು ಹಾಕು ಎಂದರೆ ಎದ್ದು ಹೋಗುತ್ತಾರೆ, ಒಂದು ಕೊತ್ತಂಬರಿ ಬೀಜವನ್ನೂ ಮಣ್ಣಿಗೆ ಹಾಕುವುದಿಲ್ಲ—ಹೀಗೆಂದು ಅಲ್ಲಿಂದ ಬಂದವರು ಹೇಳುತ್ತಿದ್ದರು. ಯಾರೂ ಅವರನ್ನು ತಡೆದಿರಲಿಲ್ಲ. ಅವರೇ ತಮ್ಮನ್ನು ತಡೆದುಕೊಂಡಿದ್ದರು.

ಅವ್ವ ತೀರಿಕೊಂಡಳು. ತನ್ನ ಮಾತು ನಿಜವಾಯಿತೆಂಬ ತೃಪ್ತಿಯಲ್ಲೇ ಹೋದಳು. ಗೌಡರೂ ಹೋದರು. ನನ್ನ ತೆಂಗು ಫಲಕ್ಕೆ ಬಂದವು, ಮಕ್ಕಳು ಬೆಳೆದರು. ಪೇಟೆಯಲ್ಲಿ ನನ್ನನ್ನು ಯಜಮಾನರೇ ಎನ್ನುತ್ತಾರೆ. ಜಗಳ ಬಂದರೆ ಸಾಕ್ಷಿಗೆ ನನ್ನನ್ನು ಕರೆಯುತ್ತಾರೆ. ನಾನು ಹೋಗಿ ಕೂತು ಬಹಳ ತೂಕವಾಗಿ ಮಾತಾಡುತ್ತೇನೆ.

ಈ ಸಲ ಭರಮಸಾಗರಕ್ಕೆ ಹೋಗಬೇಕಾಗಿ ಬಂತು; ಅತ್ತಿಗೆಯ ತಮ್ಮನ ಹೆಂಡತಿ ತೀರಿಕೊಂಡಿದ್ದಳು, ಮಾತಾಡಿಸಿ ಬರಲು ಹೋದೆ. ಅತ್ತಿಗೆಗೆ ಈಗ ವಯಸ್ಸಾಗಿದೆ. ಜಗಲಿಯಲ್ಲಿ ಮೊರದಲ್ಲಿ ಜೋಳ ಕೇರುತ್ತಾ ಕೂತಿದ್ದರು. ‘ಬಾರಪ್ಪ, ಕುಂತ್ಕ’ ಎಂದು ಪಕ್ಕದ ಚಾಪೆ ತೋರಿಸಿದರು. ಮಕ್ಕಳ ಯೋಗಕ್ಷೇಮ ಕೇಳಿದರು. ಹಿರಿಯ ಮಗನ ಹೆಂಡತಿಗೆ ದಿನ ತುಂಬಿದೆಯಂತೆ, ಒಳ್ಳೇದಾಗಲಿ ಅಂದರು. ಹೇಳಬೇಕೆಂದು ನಾನು ಹೋಗಿರಲಿಲ್ಲ. ಇದನ್ನು ದೊಡ್ಡ ಧೈರ್ಯವೆಂದು ತಿಳಿಯಬೇಡಿ. ಎದುರಿಗೆ ಕೂತ ಮೇಲೆ ಬೇರೆ ಮಾತು ಸಿಗಲಿಲ್ಲ, ಅಷ್ಟೇ. ಪಂಚೆ, ಮಡು, ಪೂಜೆಯ ಹೊತ್ತು, ಮೀನಿನ ಮರಿ, ಜಗಲಿಯ ಮೇಲೆ ನಾನಾಡಿದ ಮಾತು—ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಬೇರೆಯವನ ಸಂಗತಿ ಹೇಳಿದ ಹಾಗೆ ಹೇಳಿದೆ.

ಅವರು ಮೊರ ನಿಲ್ಲಿಸಲಿಲ್ಲ. ಹೊಟ್ಟು ಒಂದು ಕಡೆ, ಕಾಳು ಒಂದು ಕಡೆ ಬೀಳುತ್ತಿತ್ತು. ನಾನು ಮುಗಿಸಿದ ಮೇಲೂ ಬಹಳ ಹೊತ್ತು ಕೇರಿದರು. ಕೊನೆಗೆ ಕೇಳಿದ್ದು ಒಂದೇ:

“ಅತ್ತೆಗೆ ಹೇಳಿದ್ದೇನಪ್ಪ, ಅವರಿದ್ದಾಗ?”

“ಇಲ್ಲ.”

“ಗೌಡ್ರಿಗೆ?”

“ಇಲ್ಲ ಅತ್ತಿಗೆ. ಯಾರಿಗೂ ಹೇಳಿಲ್ಲ. ನಿಮಗೇ ಮೊದ್ಲು.”

“ನನಗೆ ಹೇಳಿ ಏನ್ ಬಂತು?” ಅಂದರು. ಧ್ವನಿ ಏರಿಸಲಿಲ್ಲ. “ನನ್ ಕೈ ಕೆಟ್ಟದ್ದು ಅಂತ ಮೊದ್ಲು ಅಂದಿದ್ದು ನಾನಲ್ಲಪ್ಪ. ಊರಂದಿದ್ದು. ಊರಿಗೆ ಹೇಳು.”

ಇಷ್ಟು ಹೇಳಿ ಮೊರ ಕೆಳಗಿಟ್ಟು, ಒಳಗೆ ಹೋಗಿ ನನಗೆ ಕುಡಿಯಲು ನೀರು ತಂದುಕೊಟ್ಟರು. ಸಿಹಿಬಾವಿಯ ಮಾತನ್ನು ಅವರು ಎತ್ತಲಿಲ್ಲ. ನಾನೂ ಎತ್ತಲಿಲ್ಲ—ಆವತ್ತೂ ಎತ್ತಲಿಲ್ಲ. ಅದನ್ನೂ ಇಲ್ಲಿ ಸೇರಿಸಿ ಬರೆಯುತ್ತಿದ್ದೇನೆ. ಆ ಹೊಲ ಅವರ ಹೆಸರಿಗೆ ಹೋಗಬೇಕೆಂದು ಮಕ್ಕಳಿಗೆ ನಿನ್ನೆ ಹೇಳಿದೆ. ಇಷ್ಟು ವರ್ಷ ನಾನು ಸುಮ್ಮನಿದ್ದ ಹಾಗೆ ಮಕ್ಕಳೂ ಸುಮ್ಮನಿದ್ದಾರೆ. ಅವರು ಸುಮ್ಮನಿದ್ದರೂ ಅದು ಹೋಗುತ್ತದೆ. ಅದರಿಂದ ಏನು ಸರಿಹೋಗುತ್ತದೆಂದು ಕೇಳಿದರೆ, ಏನೂ ಇಲ್ಲ. ಎಲೆತೋಟ ಮಾಡುವ ವಯಸ್ಸು ಈಗ ಅತ್ತಿಗೆಯದಲ್ಲ.

ಊರಿಗೆ ಹೇಳು ಎಂದರು. ಕೈಗುಣದ ಮಾತನ್ನಾಡಿದವರಲ್ಲಿ ಹೆಚ್ಚಿನವರು ಈಗಿಲ್ಲ. ಅವರಿಂದ ಕೇಳಿದವರಿದ್ದಾರೆ, ಕೇಳಿದವರ ಮಕ್ಕಳಿದ್ದಾರೆ. ಎಳೆ ಸಸಿ ಒಣಗಿದರೆ ‘ಹಾಲಮ್ಮನ ಕೈ ತಾಗಿತೇನೋ’ ಎನ್ನುವ ಮಾತು ಹಿರಿಯೂರಿನ ಹೊಲಗಳಲ್ಲಿ ಇನ್ನೂ ಇದೆ—ಆ ಹಾಲಮ್ಮ ಯಾರೆಂದು ಗೊತ್ತಿಲ್ಲದವರೂ ಅನ್ನುತ್ತಾರೆ. ಅದಕ್ಕೇ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ಓದು ಬಾರದವರಿಗೆ ಸಂತೆಯ ದಿನ ಅಂಗಡಿಯ ಮುಂದೆ ನಿಂತು ನಾನೇ ಓದಿ ಹೇಳುತ್ತೇನೆ. ನಗುವವರು ನಗಲಿ. ಪೂರ್ತಿ ಕೇಳಲು ಪುರುಸೊತ್ತಿಲ್ಲದವರು ಇಷ್ಟನ್ನಾದರೂ ಕೇಳಿಕೊಂಡು ಹೋಗಲಿ:

ಮೇಲಿನ ಹೊಲದಲ್ಲಿ ಬಳ್ಳಿ ಸತ್ತದ್ದು ನೀರಿನಿಂದ. ಹಾಲಮ್ಮನವರ ಕೈಯಲ್ಲಿ ಏನೂ ದೋಷವಿರಲಿಲ್ಲ. ಅದು ಊರಿನಲ್ಲಿ ಒಬ್ಬನಿಗೆ ಗೊತ್ತಿತ್ತು.